ಹೊಟ್ಟೆ ಆಪರೇಷನ್ ನಂತರದ ನೋವು: ನರ್ವ್ ಬ್ಲಾಕ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಹೊಟ್ಟೆಯ ಆಪರೇಷನ್ ಆದ ಮರುದಿನ ರೌಂಡ್ಸ್‌ಗೆ ಹೋಗಿ "ನೋವು ಹೇಗಿದೆ?" ಎಂದು ಕೇಳಿದರೆ ನಮ್ಮ ಕಡೆಯ ಹೆಚ್ಚಿನವರು ಕೊಡುವ ಉತ್ತರ ಒಂದೇ: "ಪರ್ವಾಗಿಲ್ಲ ಡಾಕ್ಟ್ರೇ, ತಡ್ಕೋಬಹುದು." ಅಲುಗಾಡದೆ ಮಲಗಿದ್ದಾಗ ಅದು ನಿಜವೂ ಹೌದು. "ಎಲ್ಲಿ, ಒಂದ್ಸಲ ಜೋರಾಗಿ ಕೆಮ್ಮಿ" ಎಂದಾಗ ಬೇರೆಯೇ ಉತ್ತರ ಸಿಗುತ್ತದೆ. ಎರಡೂ ಕೈ ಹೊಲಿಗೆಯ ಮೇಲೆ ಹೋಗುತ್ತವೆ, ಮುಖ ಕಿವುಚಿಕೊಳ್ಳುತ್ತದೆ, ಕೆಮ್ಮು ಗಂಟಲಿನಿಂದ ಈಚೆ ಬರುವುದೇ ಇಲ್ಲ. ಶಿವಮೊಗ್ಗದಲ್ಲಿ ಅರಿವಳಿಕೆ ವೈದ್ಯೆಯಾಗಿರುವ ನಾನು ನಂಬುವುದು ಈ ಎರಡನೆಯ ಉತ್ತರವನ್ನು.

ಕೆಮ್ಮಲು ಆಗದಿರುವುದು ಸಣ್ಣ ಸಂಗತಿಯಲ್ಲ. ಹೊಟ್ಟೆಯ ಗೋಡೆಯ ಸ್ನಾಯುಗಳು ಉಸಿರಾಟಕ್ಕೂ ಬೇಕು, ಕೆಮ್ಮಿಗೂ ಬೇಕು. ಅವನ್ನು ಕೊಯ್ದು ಹೊಲಿದ ಮೇಲೆ ಉದ್ದಕ್ಕೆ ಉಸಿರೆಳೆದರೆ ನೋಯುತ್ತದೆ. ಹಾಗಾಗಿ ರೋಗಿ ತನಗೆ ಗೊತ್ತಿಲ್ಲದೆಯೇ ಮೇಲುಮೇಲೆ ಉಸಿರಾಡತೊಡಗುತ್ತಾನೆ. ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಸರಿಯಾಗಿ ಇಳಿಯದೆ ಅಲ್ಲಿನ ಪುಟ್ಟ ಗಾಳಿಚೀಲಗಳು ಮುದುಡಿಕೊಳ್ಳುತ್ತವೆ, ಕಫ ಕಟ್ಟುತ್ತದೆ, ಕೆಲವರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗುತ್ತದೆ. ಬೀಡಿ ಸೇದುವವರಿಗೆ, ಮಳೆಗಾಲದ ಥಂಡಿಯಲ್ಲಿ ಮೊದಲೇ ಕೆಮ್ಮು ಹಿಡಿದಿರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ನೋವಿಗೆ ಹೆದರಿ ಹಾಸಿಗೆ ಬಿಟ್ಟು ಏಳದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕರುಳೂ ಮಂದವಾಗುತ್ತದೆ. ವಾರ್ಡಿನಲ್ಲಿ ಎಲ್ಲರೂ ಕಾಯುವ "ಗ್ಯಾಸ್ ಹೋಯ್ತಾ?" ಎಂಬ ಪ್ರಶ್ನೆಗೆ ಹೌದೆನ್ನುವ ಉತ್ತರ ತಡವಾಗುತ್ತದೆ, ಗಂಜಿ ಕೊಡುವುದೂ ತಡವಾಗುತ್ತದೆ.

ನೋವು ತಡೆದುಕೊಳ್ಳುವುದು ಗಟ್ಟಿತನ ಎಂದು ನಾವು ಮನೆಯಲ್ಲಿ ಕಲಿತಿದ್ದೇವೆ. ಬೇರೆ ಕಡೆ ಅದು ಗಟ್ಟಿತನವೇ ಇರಬಹುದು. ಹೊಟ್ಟೆಗೆ ಹೊಲಿಗೆ ಬಿದ್ದ ಮೊದಲ ಎರಡು ದಿನ ಮಾತ್ರ ಅದರಿಂದ ನಷ್ಟವೇ. ಆ ದಿನಗಳ ಮೊದಲ ಗಂಟೆಗಳಿಗೆ ಆಸರೆಯಾಗಬಲ್ಲ ಒಂದು ವಿಧಾನ ನರ್ವ್ ಬ್ಲಾಕ್, ಅಂದರೆ ನೋವು ಒಯ್ಯುವ ನರಗಳನ್ನು ಔಷಧದಿಂದ ಕೆಲವು ಗಂಟೆ ಮರಗಟ್ಟಿಸುವುದು. ನಮ್ಮಂಥ ಊರುಗಳಿಗೆ ಅದು ದೊಡ್ಡ ನಗರಗಳಿಗಿಂತ ಹೆಚ್ಚು ಉಪಯೋಗದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಎಂಬುದನ್ನು ಹೇಳುವ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ.

ಗೋಡೆಯ ನೋವು, ಒಳಗಿನ ನೋವು

ಆಪರೇಷನ್ ನಂತರದ ಹೊಟ್ಟೆನೋವು ಒಂದೇ ನೋವಲ್ಲ. ಒಂದು ಹೊಟ್ಟೆಯ ಗೋಡೆಯದು, ಅಂದರೆ ಚರ್ಮ, ಸ್ನಾಯು ಮತ್ತು ಅದರ ಒಳಬದಿಗೆ ಅಂಟಿಕೊಂಡ ಪೊರೆಯದು. ಇದು ಚುರುಕಾದ ನೋವು. "ಇಲ್ಲೇ" ಎಂದು ಬೆರಳಿಟ್ಟು ತೋರಿಸಬಹುದು. ಮಗ್ಗುಲು ಬದಲಿಸಿದರೆ, ಕೆಮ್ಮಿದರೆ, ನಕ್ಕರೆ ಜಾಸ್ತಿಯಾಗುತ್ತದೆ. ಇನ್ನೊಂದು ಒಳಗಿನ ಅಂಗಗಳದು. ಕರುಳು, ಗರ್ಭಕೋಶ, ಪಿತ್ತಕೋಶಗಳಿಂದ ಬರುವ ಈ ನೋವು ಮಂಕಾಗಿ, ಹಿಂಡುವ ಹಾಗೆ ಇರುತ್ತದೆ. ಎಲ್ಲಿ ಎಂದು ಕೇಳಿದರೆ ರೋಗಿ ಇಡೀ ಹೊಟ್ಟೆಯ ಮೇಲೆ ಅಂಗೈ ಆಡಿಸುತ್ತಾರೆ. ಜೊತೆಗೆ ವಾಕರಿಕೆ, ಬೆವರು.

ಎರಡೂ ಮಿದುಳಿಗೆ ಹೋಗುವ ದಾರಿ ಬೇರೆ ಬೇರೆ. ಗೋಡೆಯ ನೋವನ್ನು ಒಯ್ಯುವುದು ಬೆನ್ನುಹುರಿಯಿಂದ ಹೊರಟು ಪಕ್ಕೆಲುಬಿನ ಗುಂಟ ಮುಂದಕ್ಕೆ ಬರುವ ನರಗಳು: ಎದೆಭಾಗದ ಆರನೆಯ ನರದಿಂದ ಹನ್ನೆರಡನೆಯದರವರೆಗೆ, ಜೊತೆಗೆ ಸೊಂಟದ ಮೊದಲ ನರ. ಎದೆಗೂಡಿನ ತುದಿಯಿಂದ ತೊಡೆಸಂದಿನವರೆಗೆ ಹೊಟ್ಟೆಯ ಮುಂಭಾಗವನ್ನು ಇವು ಹಂಚಿಕೊಂಡಿವೆ. ಹೊಕ್ಕುಳಿನ ಮಟ್ಟ ಹತ್ತನೆಯ ನರದ ಪಾಲು. ಒಳಗಿನ ಅಂಗಗಳ ನೋವು ಹೋಗುವುದು ಸಿಂಪಥೆಟಿಕ್ ನರಜಾಲದ ಮೂಲಕ, ಸ್ವಲ್ಪಮಟ್ಟಿಗೆ ವೇಗಸ್ ನರದ ಮೂಲಕ. ಹೊಟ್ಟೆಯ ಗೋಡೆಗೆ ಕೊಡುವ ಬ್ಲಾಕ್ ಮೊದಲನೆಯ ದಾರಿಯನ್ನು ಮಾತ್ರ ತಡೆಯುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಬ್ಲಾಕ್‌ನಿಂದ ಏನನ್ನು ಬಯಸಬಹುದು, ಏನನ್ನು ಬಯಸಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಹೊಟ್ಟೆಯ ಪಕ್ಕದಲ್ಲಿ ಮೂರು ಸ್ನಾಯುಗಳು ಒಂದರ ಒಳಗೊಂದು ಹಾಸಿಕೊಂಡಿವೆ. ಬಾಳೆದಿಂಡು ಸುಲಿದು ಗೊತ್ತಿದ್ದವರಿಗೆ ಈ ರಚನೆ ಬೇಗ ಮನಸ್ಸಿಗೆ ಬರುತ್ತದೆ: ಒಂದು ಪದರ, ಅದರೊಳಗೆ ಇನ್ನೊಂದು, ನಡುವೆ ಬಿಡಿಸಿಕೊಳ್ಳಬಹುದಾದ ತೆಳು ಸಂದು. ನಾನು ಮೇಲೆ ಹೇಳಿದ ನರಗಳು ಎರಡನೆಯ ಮತ್ತು ಮೂರನೆಯ ಸ್ನಾಯುವಿನ ನಡುವಿನ ಸಂದಿನಲ್ಲೇ ಹಾದುಹೋಗುತ್ತವೆ. ಒಂದೊಂದೇ ನರವನ್ನು ಹುಡುಕಿ ಚುಚ್ಚುವ ಅಗತ್ಯವಿಲ್ಲ. ಸಂದಿನಲ್ಲಿ ಔಷಧ ತುಂಬಿದರೆ ಅದು ಹರಡಿಕೊಂಡು ಅಲ್ಲಿರುವ ಹಲವು ನರಗಳನ್ನು ಒಟ್ಟಿಗೇ ತೋಯಿಸುತ್ತದೆ. ಮೂರನೆಯ ಸ್ನಾಯುವಿನ ಹೆಸರಿರುವ 'ಟ್ರಾನ್ಸ್‌ವರ್ಸಸ್ ಅಬ್ಡೊಮಿನಿಸ್ ಪ್ಲೇನ್' ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಇದಕ್ಕೆ ಟ್ಯಾಪ್ ಬ್ಲಾಕ್ ಎಂದು ಹೆಸರು ಬಂದಿದೆ.

ಒಂದು ಜಾಗವನ್ನಷ್ಟೇ ಮರಗಟ್ಟಿಸುವ ವಿದ್ಯೆ ಹಳೆಯದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನ್ ಹನಿ ಹಾಕಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿದರು. ಟ್ಯಾಪ್ ಬ್ಲಾಕ್ ಅದಕ್ಕೆ ಹೋಲಿಸಿದರೆ ತೀರಾ ಹೊಸತು. 2001ರಲ್ಲಿ ರಫಿ ಎಂಬ ಅರಿವಳಿಕೆ ತಜ್ಞರು ಸೊಂಟದ ಮೂಳೆಯ ಮೇಲಿನ ತ್ರಿಕೋನಾಕಾರದ ಜಾಗದಿಂದ ಈ ಸಂದನ್ನು ತಲುಪುವ ಬಗೆಯನ್ನು ವಿವರಿಸಿದರು. ಆಗ ಎಲ್ಲವೂ ಕೈಯ ಅಂದಾಜಿನ ಮೇಲೆ: ಸೂಜಿ ಪಟ್ ಎಂದು ಪೊರೆ ದಾಟಿದ್ದು ಬೆರಳಿಗೆ ತಿಳಿಯಬೇಕಿತ್ತು. 2007ರಲ್ಲಿ ಆಸ್ಟ್ರೇಲಿಯಾದ ಪೀಟರ್ ಹೆಬ್ಬಾರ್ಡ್ ಮತ್ತು ಸಂಗಡಿಗರು ಅಲ್ಟ್ರಾಸೌಂಡ್ ನೋಡಿಕೊಂಡು ಅದನ್ನು ಮಾಡುವ ಕ್ರಮವನ್ನು ಪ್ರಕಟಿಸಿದ ಮೇಲೆ ಇದು ಊರೂರಿಗೆ ಹಬ್ಬಿತು.

ಪರದೆಯ ಮೇಲೆ ಕಾಣುವುದು

ಸಾಮಾನ್ಯವಾಗಿ ಆಪರೇಷನ್ ಮುಗಿದು ಡ್ರೆಸ್ಸಿಂಗ್ ಆದ ಕೂಡಲೇ ಬ್ಲಾಕ್ ಕೊಡುತ್ತೇವೆ. ರೋಗಿಗೆ ಇನ್ನೂ ಪೂರ್ತಿ ಎಚ್ಚರ ಬಂದಿರುವುದಿಲ್ಲ, ಇಲ್ಲವೇ ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಇಳಿದಿರುವುದಿಲ್ಲ. ಹಾಗಾಗಿ ಸೂಜಿ ಚುಚ್ಚಿದ್ದೇ ತಿಳಿಯುವುದಿಲ್ಲ. ಪಕ್ಕೆಯ ಅಂಚು ಮತ್ತು ಸೊಂಟದ ಮೂಳೆಯ ನಡುವೆ ಚರ್ಮವನ್ನು ಶುಚಿಮಾಡಿ ಅಲ್ಟ್ರಾಸೌಂಡಿನ ಪ್ರೋಬ್ ಇಡುತ್ತೇವೆ. ಪರದೆಯ ಮೇಲ್ಗಡೆ ಕೊಬ್ಬಿನ ಪದರ, ಅದರ ಕೆಳಗೆ ಮೂರು ಕಪ್ಪು ಪಟ್ಟಿಗಳು, ಪಟ್ಟಿಗಳ ನಡುವೆ ಹೊಳೆಯುವ ಬಿಳಿ ಗೆರೆಗಳು. ಎಲ್ಲಕ್ಕಿಂತ ಕೆಳಗೆ ಉಸಿರಿನ ಜೊತೆ ಅತ್ತಿತ್ತ ಜಾರುವ ಕರುಳು. ಸೂಜಿಯ ತುದಿ ಅಲ್ಲಿಯವರೆಗೆ ಹೋಗಕೂಡದು. ಹಾಗಾಗಿ ತುದಿ ಪರದೆಯ ಮೇಲೆ ಕಾಣದ ಕ್ಷಣ ಕೈ ನಿಲ್ಲಬೇಕು. ಕಾಣಿಸಿದ ಮೇಲೇ ಮುಂದಕ್ಕೆ.

ತುದಿ ಸಂದನ್ನು ಮುಟ್ಟಿದೆ ಅನ್ನಿಸಿದಾಗ ಮೊದಲು ಒಂದೆರಡು ಮಿಲಿ ಸಲೈನ್ ಮಾತ್ರ ಬಿಡುತ್ತೇವೆ. ಸ್ನಾಯುವೇ ಉಬ್ಬಿಕೊಂಡರೆ ಜಾಗ ತಪ್ಪಿದೆ. ಎರಡನೆಯ ಪಟ್ಟಿ ಮತ್ತು ಮೂರನೆಯ ಪಟ್ಟಿ ಒಂದರಿಂದೊಂದು ಬಿಟ್ಟುಕೊಂಡು, ನಡುವೆ ಎರಡೂ ತುದಿ ಚೂಪಾದ ಕಪ್ಪು ಜಾಗ ತೆರೆದುಕೊಂಡರೆ ಸರಿಯಾದ ಕಡೆ ಇದ್ದೇವೆ. ಆಮೇಲೆ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ನೋಡಿಕೊಂಡು, ಸ್ವಲ್ಪ ಸ್ವಲ್ಪವಾಗಿ ಔಷಧ ಹಾಕುತ್ತೇವೆ. ಆ ಕಪ್ಪು ಜಾಗ ಉದ್ದಕ್ಕೆ ಹರಡುತ್ತಾ ಹೋಗುವುದನ್ನು ಕಣ್ಣಾರೆ ನೋಡಬಹುದು. ಗಾಯ ಹೊಟ್ಟೆಯ ನಡುಭಾಗದಲ್ಲಿದ್ದರೆ ಇನ್ನೊಂದು ಪಕ್ಕದಲ್ಲೂ ಇದೇ ಕೆಲಸ.

ಔಷಧ ಹೆಚ್ಚಾಗಿ ಬುಪಿವಕೇನ್, ಕೆಲವು ಕಡೆ ರೋಪಿವಕೇನ್. ನರದ ಮೂಲಕ ನೋವಿನ ಸಂಕೇತ ಸಾಗಬೇಕಾದರೆ ಸೋಡಿಯಂ ಕಣಗಳು ನರದೊಳಗೆ ನುಗ್ಗಬೇಕು. ಈ ಔಷಧಗಳು ಆ ದಾರಿಯನ್ನು ಕೆಲವು ಗಂಟೆ ಮುಚ್ಚಿಡುತ್ತವೆ. ನರಕ್ಕೆ ಗಾಯವಾಗುವುದಿಲ್ಲ, ಔಷಧ ಕರಗಿದಂತೆ ಅದು ಮೊದಲಿನ ಹಾಗೆ ಕೆಲಸ ಮಾಡುತ್ತದೆ. ಪರಿಣಾಮ ಕಾಣಲು ಅರ್ಧ ಗಂಟೆ ಬೇಕಾಗಬಹುದು. ಬುಪಿವಕೇನ್ ಆದರೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆ ನಿಲ್ಲುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು.

ಇಲ್ಲಿ ತೂಕದ ಮಾತೊಂದನ್ನು ಬಿಡಿಸಿ ಹೇಳಬೇಕು. ಬುಪಿವಕೇನ್‌ಗೆ ಒಂದು ಮೇಲ್ಮಿತಿ ಇದೆ, ಕೆ.ಜಿ.ಗೆ ಸುಮಾರು 2 ಮಿ.ಗ್ರಾಂ. ಸಿಸೇರಿಯನ್ ಆದ 45 ಕೆ.ಜಿ. ತೂಕದ ಬಾಣಂತಿಗೆ ಲೆಕ್ಕ ಹಾಕಿದರೆ 90 ಮಿ.ಗ್ರಾಂ. ಶೇಕಡಾ 0.25ರ ದ್ರಾವಣದಲ್ಲಿ ಮಿಲಿಗೆ 2.5 ಮಿ.ಗ್ರಾಂ. ಇರುವುದರಿಂದ ಎರಡೂ ಪಕ್ಕಕ್ಕೆ ಸೇರಿ 36 ಮಿಲಿ. ಬೆನ್ನಿಗೆ ಕೊಟ್ಟದ್ದೂ ಇದೇ ಔಷಧ, ಅದನ್ನೂ ಕಳೆಯಬೇಕು. ಹೆರಿಗೆಯ ಹೊತ್ತಿನಲ್ಲಿ ದೇಹ ಈ ಔಷಧಕ್ಕೆ ಹೆಚ್ಚು ಸೂಕ್ಷ್ಮವಾಗಿರುವುದರಿಂದ ಇನ್ನಷ್ಟು ಕೈ ಬಿಗಿಹಿಡಿಯಬೇಕು. "ಎಲ್ಲರಿಗೂ ಪಕ್ಕಕ್ಕೆ ಇಪ್ಪತ್ತು ಮಿಲಿ" ಎಂಬ ರೂಢಿ ಇಂಥ ಸಣ್ಣ ಮೈಕಟ್ಟಿನವರಲ್ಲಿ ಮಿತಿ ದಾಟಿಸಿಬಿಡುತ್ತದೆ. ಆದ್ದರಿಂದ ತೂಕ ಕೇಳಿದಾಗ ಅಂದಾಜು ಹೇಳಬೇಡಿ. ತೂಕದ ಯಂತ್ರದ ಮೇಲೆ ನಿಂತು ನೋಡಿಸಿ.

ಎಲ್ಲ ಆಪರೇಷನ್ನಿಗೂ ಒಂದೇ ಬ್ಲಾಕ್ ಅಲ್ಲ

ಪಕ್ಕದಿಂದ ಕೊಡುವ ಟ್ಯಾಪ್ ಬ್ಲಾಕ್ ಮುಖ್ಯವಾಗಿ ಹೊಕ್ಕುಳಿನಿಂದ ಕೆಳಗಿನ ಭಾಗಕ್ಕೆ: ಸಿಸೇರಿಯನ್, ತೆರೆದು ಮಾಡುವ ಅಪೆಂಡಿಕ್ಸ್, ಹೊಟ್ಟೆ ತೆರೆದು ಗರ್ಭಕೋಶ ತೆಗೆಯುವುದು. ಹೊಕ್ಕುಳಿನ ಮೇಲಿನ ಗಾಯಕ್ಕೆ ಪಕ್ಕೆಯ ಅಂಚಿನ ಕೆಳಗಿನಿಂದಲೇ ಔಷಧ ಹಾಕಬೇಕು. ಕರುಳು ತೂತಾಗಿ ತುರ್ತಾಗಿ ನಡುಹೊಟ್ಟೆಯನ್ನು ಉದ್ದಕ್ಕೆ ಕೊಯ್ದವರಿಗೆ ಹೊಟ್ಟೆಯ ನಡುವಿನ ನೇರ ಸ್ನಾಯುವಿನ ಹಿಂದೆ ಕೊಡುವ ಬ್ಲಾಕ್ ಹೆಚ್ಚು ಹೊಂದುತ್ತದೆ. ತೊಡೆಸಂದಿನ ಹರ್ನಿಯಾಕ್ಕೆ ಅಲ್ಲಿಯೇ ಹಾದುಹೋಗುವ ಎರಡು ನರಗಳನ್ನು ಗುರಿಯಿಟ್ಟರೆ ಸಾಕು. ಬೆನ್ನಿನ ಕಡೆಯಿಂದ, ಬೆನ್ನುಮೂಳೆಗೆ ಹತ್ತಿರದ ಸ್ನಾಯುಗಳ ಸಂದಿನಲ್ಲಿ ಕೊಡುವ ಹೊಸ ಬ್ಲಾಕ್‌ಗಳೂ ಬಂದಿವೆ. ಅವು ಒಳಗಿನ ನೋವನ್ನೂ ಸ್ವಲ್ಪ ತಗ್ಗಿಸುತ್ತವೆ ಎನ್ನುವವರಿದ್ದಾರೆ, ಆದರೆ ಎಲ್ಲ ರೋಗಿಗಳಲ್ಲೂ ಒಂದೇ ರೀತಿ ಫಲ ಕೊಡುವುದಿಲ್ಲ.

ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳಿಂದ ಮಾಡುವ ಪಿತ್ತಕೋಶದ ಆಪರೇಷನ್ನಿನಂಥವುಗಳಲ್ಲಿ, ಸರ್ಜನ್ ಆ ತೂತುಗಳಿಗೇ ಮರಗಟ್ಟುವ ಔಷಧ ಹಾಕಿ, ಜೊತೆಗೆ ನೋವಿನ ಮಾತ್ರೆಗಳನ್ನು ಕ್ರಮವಾಗಿ ಕೊಟ್ಟರೆ ಬಹುತೇಕ ಸಾಕಾಗುತ್ತದೆ. ಬ್ಲಾಕ್‌ನಿಂದ ಸಿಗುವ ಹೆಚ್ಚಿನ ಲಾಭ ಕಡಿಮೆ. ಈ ರೋಗಿಗಳು ಬೇರೊಂದು ಕಾರಣಕ್ಕೆ ಗಾಬರಿಯಾಗುತ್ತಾರೆ. ಹೊಟ್ಟೆಗೆ ಆಪರೇಷನ್ ಆಗಿದೆ, ನೋಯುವುದು ಹೆಗಲು! ಹಾರ್ಟಿನ ತೊಂದರೆಯೇ ಎಂದು ಮನೆಯವರು ಓಡಿ ಬರುತ್ತಾರೆ. ಹೊಟ್ಟೆಯೊಳಗೆ ತುಂಬಿದ ಇಂಗಾಲದ ಡೈಆಕ್ಸೈಡ್ ಅನಿಲ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಕೆರಳಿಸುತ್ತದೆ. ವಪೆಯ ನರ ಕುತ್ತಿಗೆಯಿಂದ ಬರುವುದರಿಂದ ಮಿದುಳು ಅದನ್ನು ಹೆಗಲಿನ ನೋವೆಂದು ಓದುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ. ಹೊಟ್ಟೆಯ ಗೋಡೆಗೆ ಎಂಥ ಬ್ಲಾಕ್ ಕೊಟ್ಟರೂ ಈ ನೋವಿಗೆ ಅದು ನಾಟುವುದಿಲ್ಲ. ಎದೆ ಹಿಡಿದುಕೊಂಡ ಹಾಗಾದರೆ, ಉಸಿರು ಕಟ್ಟಿದರೆ ಮಾತ್ರ ಕೂಡಲೇ ತಿಳಿಸಬೇಕು.

ಚಿಕ್ಕ ಊರಿನಲ್ಲಿ ಅದೇ ಬ್ಲಾಕ್‌ನ ಬೆಲೆ

ದೊಡ್ಡ ಹೊಟ್ಟೆ ಆಪರೇಷನ್‌ಗಳಿಗೆ ಬೆನ್ನಿನಲ್ಲಿ ತೆಳು ನಳಿಕೆ ಇಟ್ಟು ಔಷಧ ಹರಿಸುವ ಎಪಿಡ್ಯೂರಲ್ ಹೆಚ್ಚು ಬಲವಾದದ್ದು. ಅದು ಒಳಗಿನ ನೋವನ್ನೂ ಹಿಡಿಯುತ್ತದೆ. ಸಿಸೇರಿಯನ್ನಿನಲ್ಲಿ ಬೆನ್ನಿನ ಇಂಜೆಕ್ಷನ್ ಜೊತೆಗೇ ಸೂಕ್ಷ್ಮ ಪ್ರಮಾಣದ ಮಾರ್ಫಿನ್ ಸೇರಿಸಿದರೆ ಆಮೇಲೆ ಟ್ಯಾಪ್ ಬ್ಲಾಕ್ ಕೊಟ್ಟು ಸಿಗುವ ಹೆಚ್ಚುವರಿ ಆರಾಮ ಅಲ್ಪ. ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ, ನಾನು ಅದನ್ನು ಒಪ್ಪುತ್ತೇನೆ. ಹಾಗಾದರೆ ಬ್ಲಾಕ್ ಯಾಕೆ ಬೇಕು?

ಯಾಕೆಂದರೆ ಆ ಹೋಲಿಕೆ ಮಾರ್ಫಿನ್ ಕೈಗೆಟಕುವ, ರಾತ್ರಿಯಿಡೀ ರಕ್ತದೊತ್ತಡ ಮತ್ತು ಉಸಿರಾಟ ನೋಡುವವರಿರುವ ಆಸ್ಪತ್ರೆಗಳದ್ದು. ಶಿವಮೊಗ್ಗದ ಮೆಗ್ಗಾನ್‌ನಂಥ ಬೋಧನಾ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗವೇ ಇರುತ್ತದೆ. ತಾಲ್ಲೂಕು ಕೇಂದ್ರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಹಾಗಲ್ಲ. ಅರಿವಳಿಕೆ ವೈದ್ಯರು ಕೇಸ್ ಮುಗಿಸಿ ಇನ್ನೊಂದು ಆಸ್ಪತ್ರೆಗೆ ಹೊರಡುತ್ತಾರೆ. ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ಮಾದಕವಸ್ತು ನಿಯಂತ್ರಣಕ್ಕೆಂದು 1985ರಲ್ಲಿ ಬಂದ ಕಾನೂನಿನ ಕಟ್ಟುಪಾಡುಗಳಿಂದ ಮಾರ್ಫಿನ್ ಇಟ್ಟುಕೊಳ್ಳುವ ಉಸಾಬರಿಗೇ ಅನೇಕ ಆಸ್ಪತ್ರೆಗಳು ಹೋಗಲಿಲ್ಲ. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿದರೂ ಹಳೆಯ ಅಂಜಿಕೆ ಪೂರ್ತಿ ಹೋಗಿಲ್ಲ. ಅಂಥ ಕಡೆ ಎಪಿಡ್ಯೂರಲ್ ಇಟ್ಟು ಹೊರಟುಹೋಗುವುದು ಸುರಕ್ಷಿತವಲ್ಲ. ಒಂದೇ ಸಲ ಕೊಟ್ಟು ಮುಗಿಸುವ ಬ್ಲಾಕ್ ರಕ್ತದೊತ್ತಡ ಇಳಿಸುವುದಿಲ್ಲ, ಉಸಿರಾಟ ಕುಗ್ಗಿಸುವುದಿಲ್ಲ, ಮಂಪರು ತರಿಸುವುದಿಲ್ಲ. ಮೊದಲ ಅರ್ಧ ಮುಕ್ಕಾಲು ಗಂಟೆ ಕಣ್ಣಿಟ್ಟು ನೋಡಿದ ಮೇಲೆ ರಾತ್ರಿಯ ಸಿಸ್ಟರ್ ಮೇಲೆ ಹೆಚ್ಚಿನ ಹೊರೆ ಬೀಳುವುದಿಲ್ಲ. ಬೆನ್ನಿನ ಇಂಜೆಕ್ಷನ್ ಎರಡು ಮೂರು ಗಂಟೆಯಲ್ಲಿ ಇಳಿದ ಮೇಲೆ ಬಾಣಂತಿ ಎದ್ದು ಕೂತು, ಮಗುವನ್ನು ಎದೆಗೆ ಹಿಡಿದು ಹಾಲು ಕೊಡಬೇಕಲ್ಲ? ಮಾರ್ಫಿನ್ ಸಿಗದ ಕಡೆ ಆ ಹೊತ್ತಿಗೆ ಟ್ಯಾಪ್ ಬ್ಲಾಕ್ ದೊಡ್ಡ ಉಪಕಾರ.

ನಮ್ಮಲ್ಲಿ "ನೋವಿನ ಮಾತ್ರೆ ಜಾಸ್ತಿ ತಿಂದ್ರೆ ಕಿಡ್ನಿ ಹೋಗುತ್ತೆ" ಎಂಬ ಭಯ ಬಲವಾಗಿದೆ. ಡೈಕ್ಲೋಫೆನಾಕ್‌ನಂಥ ಔಷಧಗಳ ವಿಷಯದಲ್ಲಿ ಅದು ಸುಳ್ಳೂ ಅಲ್ಲ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರಿಗೆ ಅದನ್ನು ಕೊಡಲು ನಾವೂ ಹಿಂಜರಿಯುತ್ತೇವೆ. ಟ್ರಮಡಾಲ್ ಕೊಟ್ಟರೆ ಕೆಲವರು ವಾಂತಿ ಮಾಡಿ ಮಾಡಿ ಹೊಲಿಗೆಯೇ ಹರಿದುಹೋದೀತು ಅನ್ನುವಷ್ಟು ಒದ್ದಾಡುತ್ತಾರೆ. ಇಂಥವರಿಗೂ ಬ್ಲಾಕ್ ಒಳ್ಳೆಯ ಆಯ್ಕೆ.

ಅಡ್ಡಿ ಇರುವುದು ಯಂತ್ರದ ಕಡೆಯಿಂದ. ಹೆಣ್ಣು ಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ ಕಾನೂನಿನ ಪ್ರಕಾರ ಅಲ್ಟ್ರಾಸೌಂಡ್ ಯಂತ್ರಕ್ಕೆ ನೋಂದಣಿ ಬೇಕು, ಯಾರು ಎಲ್ಲಿ ಬಳಸುತ್ತಾರೆ ಎಂಬ ದಾಖಲೆ ಬೇಕು, ಬೇಕಾದಲ್ಲಿಗೆ ಹೊತ್ತೊಯ್ಯುವಂತಿಲ್ಲ. ಆ ಕಾನೂನು ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅದರ ಕಾಗದಪತ್ರಗಳಲ್ಲಿ ಆಪರೇಷನ್ ಥಿಯೇಟರನ್ನೂ ಅರಿವಳಿಕೆ ವೈದ್ಯರನ್ನೂ ಮೊದಲೇ ಸೇರಿಸಿಕೊಳ್ಳುವ ಶ್ರಮವನ್ನು ಆಸ್ಪತ್ರೆಗಳು ತೆಗೆದುಕೊಳ್ಳಬೇಕು. ಯಂತ್ರ ಇಲ್ಲದ ಕಡೆಯೂ ದಾರಿ ಇದೆ: ಹೊಟ್ಟೆ ತೆರೆದಿರುವಾಗಲೇ ಸರ್ಜನ್ ಒಳಗಿನಿಂದ ಅದೇ ಸಂದಿಗೆ ಔಷಧ ಹಾಕಬಹುದು, ಹೊಲಿಗೆ ಹಾಕುತ್ತಾ ಪದರಪದರಕ್ಕೂ ಹಾಕಬಹುದು. ಬರೀ ಅಂದಾಜಿನ ಮೇಲೆ ಹೊರಗಿನಿಂದ ಚುಚ್ಚುವುದಕ್ಕಿಂತ ಇದು ಮೇಲು ಎಂದು ನಾನು ಹೇಳುತ್ತೇನೆ. ಕುರುಡು ಸೂಜಿ ಯಕೃತ್ತಿಗೆ, ಕರುಳಿಗೆ ತಾಗಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಅಪಾಯಗಳು

ಅತಿ ಗಂಭೀರವಾದದ್ದು ಔಷಧ ರಕ್ತಕ್ಕೆ ಹೆಚ್ಚಾಗಿ ಸೇರುವುದು. ಅಪರೂಪ, ಆದರೆ ಬೇಗ ಗುರುತಿಸಬೇಕು. ತುಟಿಯ ಸುತ್ತ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಮಾತು ತೊದಲುವುದು ಮೊದಲ ಸೂಚನೆಗಳು. ಮುಂದುವರಿದರೆ ಫಿಟ್ಸ್, ಹೃದಯದ ಬಡಿತದಲ್ಲಿ ಏರುಪೇರು. ಇದಕ್ಕೆ ಶೇಕಡಾ 20ರ ಲಿಪಿಡ್ ಎಮಲ್ಷನ್, ಅಂದರೆ ಹಾಲಿನ ಬಣ್ಣದ ಕೊಬ್ಬಿನ ದ್ರಾವಣ, ರಕ್ತನಾಳಕ್ಕೆ ಕೊಡುವ ಚಿಕಿತ್ಸೆ ಇದೆ. ಬ್ಲಾಕ್ ಕೊಡುವ ಪ್ರತಿ ಥಿಯೇಟರಿನಲ್ಲೂ ಅದರ ಬಾಟಲಿ ಇರಬೇಕು.

ಇನ್ನೊಂದು ಕೆಲವೊಮ್ಮೆ ಎದುರಾಗುವ ತೊಂದರೆ: ಔಷಧ ಕೆಳಕ್ಕೆ ಹರಡಿ ತೊಡೆಯ ನರವನ್ನು ಮುಟ್ಟಿದರೆ ಆ ಕಾಲು ಕೆಲವು ಗಂಟೆ ಸೋಲುತ್ತದೆ. ಆದ್ದರಿಂದ ಮೊದಲ ಸಲ ಮಂಚದಿಂದ ಇಳಿಯುವ ಮೊದಲು ಮಲಗಿದ್ದಲ್ಲೇ ಎರಡೂ ಕಾಲನ್ನು ಒಂದೊಂದಾಗಿ ನೆಟ್ಟಗೆ ಎತ್ತಿ ನೋಡಿ. ಆಮೇಲೂ ಒಬ್ಬರ ಭುಜ ಹಿಡಿದೇ ಇಳಿಯಿರಿ. ಚುಚ್ಚಬೇಕಾದ ಜಾಗದಲ್ಲಿ ಸೋಂಕಿದ್ದರೆ, ಈ ಗುಂಪಿನ ಔಷಧಕ್ಕೆ ಅಲರ್ಜಿ ಇದ್ದರೆ ಬ್ಲಾಕ್ ಕೊಡುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮುಂಚೆಯೇ ಹೇಳಬೇಕು. ಬೆನ್ನುನೋವಿನ ಭಯದಿಂದ ಬ್ಲಾಕ್ ಬೇಡ ಎನ್ನುವವರಿದ್ದಾರೆ. ಟ್ಯಾಪ್ ಬ್ಲಾಕಿನ ಸೂಜಿ ಬೆನ್ನುಮೂಳೆಯ ಹತ್ತಿರಕ್ಕೂ ಹೋಗುವುದಿಲ್ಲ.

ಬ್ಲಾಕ್ ಇಳಿಯುವ ರಾತ್ರಿ

ಬೆಳಿಗ್ಗೆ ಹನ್ನೊಂದಕ್ಕೆ ಬ್ಲಾಕ್ ಕೊಟ್ಟರೆ ಅದು ಇಳಿಯುವುದು ರಾತ್ರಿ ಏಳರಿಂದ ಹನ್ನೊಂದರ ನಡುವೆ. ಸಂಜೆ ಆರಕ್ಕೆ ಸಿಸ್ಟರ್ ಪ್ಯಾರಾಸಿಟಮಾಲ್ ತಂದಾಗ "ನೋವೇ ಇಲ್ವಲ್ಲ, ಸುಮ್ನೆ ಯಾಕೆ ಮಾತ್ರೆ" ಎಂದು ವಾಪಸ್ ಕಳಿಸುವವರು ಬಹಳ. ನಡುರಾತ್ರಿ ನೋವು ಒಮ್ಮೆಲೇ ಏರಿದಾಗ ಅದನ್ನು ಹಿಡಿತಕ್ಕೆ ತರುವುದು ಕಷ್ಟ, ಆಗ ಇಡೀ ಬ್ಲಾಕ್ ದಂಡವಾಯಿತು ಅನ್ನಿಸುತ್ತದೆ. ಬರೆದುಕೊಟ್ಟ ಮಾತ್ರೆಗಳನ್ನು ನೋವು ಬರಲಿ ಬಿಡಲಿ ಗಡಿಯಾರ ನೋಡಿ ತೆಗೆದುಕೊಳ್ಳಬೇಕು. ಬ್ಲಾಕ್ ಹಿಡಿಯದ ಒಳಗಿನ ನೋವಿಗೂ ಆಧಾರ ಇವೇ ಔಷಧಗಳು. ಬ್ಲಾಕ್ ಚೆನ್ನಾಗಿ ಹಿಡಿದಿರುವ ಹೊತ್ತನ್ನು ಮಲಗಿ ಕಳೆಯದೆ, ಉಸಿರಾಟದ ವ್ಯಾಯಾಮದ ಮೂರು ಚೆಂಡಿನ ಸಾಧನವನ್ನು ಎಳೆಯಿರಿ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕೆಮ್ಮಿ, ಡಾಕ್ಟರು ಹೇಳಿದಾಗ ಎದ್ದು ನಡೆಯಿರಿ. ಭಾರ ಎತ್ತಲು ಮಾತ್ರ ಹೋಗಬೇಡಿ. ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ಹರ್ನಿಯಾ ಆಪರೇಷನ್ ಮಾಡಿಸಿಕೊಂಡ ತೋಟದವರಿಗೆ ಇದನ್ನು ಒತ್ತಿ ಹೇಳಬೇಕು: ನೋವಿಲ್ಲ ಎಂದ ಮಾತ್ರಕ್ಕೆ ಹೊಲಿಗೆ ಗಟ್ಟಿಯಾಗಿದೆ ಎಂದಲ್ಲ, ಮರ ಹತ್ತಲು ಸರ್ಜನ್ ಒಪ್ಪಿಗೆ ಬೇಕು.

ಇದೆಲ್ಲವನ್ನೂ ಮಾತಾಡಬೇಕಾದದ್ದು ಆಪರೇಷನ್ನಿಗೆ ಮೊದಲು, ಫಿಟ್‌ನೆಸ್ ನೋಡಲು ಅರಿವಳಿಕೆ ವೈದ್ಯರು ಬಂದಾಗ. ನನ್ನ ಗಾಯ ಎಲ್ಲಿ ಬರುತ್ತದೆ, ಅದಕ್ಕೆ ಬ್ಲಾಕ್ ಹೊಂದುತ್ತದೆಯೇ, ಇಲ್ಲಿ ಅಲ್ಟ್ರಾಸೌಂಡ್ ನೋಡಿ ಕೊಡುತ್ತೀರೋ ಸರ್ಜನ್ ಕೊಡುತ್ತಾರೋ, ಅದು ಇಳಿದ ಮೇಲೆ ರಾತ್ರಿಗೆ ಯಾವ ಔಷಧ ಬರೆದಿದ್ದೀರಿ ಎಂದು ಕೇಳಿ. ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಎಂಬ ಸಂಕೋಚ ಬೇಡ.

ಮನೆಗೆ ಹೋದ ಮೇಲಿನ ನೋವಿನ ಬಗ್ಗೆಯೂ ಒಂದು ಮಾತು. ಗಾಯದ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದದ್ದು ಮತ್ತೆ ಏರಿದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಹೊಲಿಗೆಯಿಂದ ಕೀವು ಬಂದರೆ "ಬ್ಲಾಕ್ ಇಳಿದಿದೆ ಅಷ್ಟೇ" ಎಂದುಕೊಂಡು ಕಷಾಯ ಕುಡಿದು ಕಾಯಬೇಡಿ. ಬ್ಲಾಕ್ ಇಳಿದು ಆಗಲೇ ದಿನಗಳಾಗಿರುತ್ತವೆ. ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳವರು ಮಳೆ ಬಿಡಲಿ, ಬೆಳಗಾಗಲಿ ಎಂದು ನೋಡದೆ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಬಾ ಎಂದರೆ ಆಗಲೇ ಹೊರಡಿ.